ತಳ ಉಜ್ಜಿಸಿಕೊಂಡ ಸೈನಿಕರು

ಬೀದಿಯವರೆಲ್ಲ ಬೀಗದಣ್ಣ ಎಂದು ಕರೆಯುತ್ತಿದ್ದ ಬೀಗ ರಿಪೇರಿಯವನು ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ತನ್ನ ಸೈನ್ಯವನ್ನೆಲ್ಲ ಹರಡಿಕೊಂಡು, ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಸೈನ್ಯ ಎಂದರೆ ಹೆಬ್ಬೆರಳುದ್ದದ ಹಳೆಯ ಸೀಸದ ಗೊಂಬೆಗಳು: ಈಟಿಯವರು, ಬಿಲ್ಲಿನವರು, ಕಬ್ಬಿಣದ ಅಂಗಿ ತೊಟ್ಟ ಕುದುರೆ ಸವಾರರು. ಹಿಂದಿನ ಕಾಲದ ರಾಜರ ಯುದ್ಧಗಳನ್ನು ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಸಂಘವೊಂದಕ್ಕೆ ಅವನು ಸದಸ್ಯ. ಸಂಘದ ಪ್ರದರ್ಶನದಲ್ಲಿ ನಡುಮೇಜು ಯಾರಿಗೆ ಎಂದು ತೀರ್ಮಾನಿಸಲು ಕಾರ್ಯದರ್ಶಿಗಳು ಇವತ್ತು ಮನೆಗೇ ಬರುವವರಿದ್ದರು. ಷರತ್ತು ಒಂದೇ: ಪ್ರತಿಯೊಬ್ಬ ಸೈನಿಕನೂ ಯಾವ ಕಾರ್ಖಾನೆಯ ಅಚ್ಚಿನಿಂದ ಬಂದವನು ಎಂದು ಒಡೆಯ ಹೇಳಬೇಕು. ವರ್ಷಗಟ್ಟಲೆ ಮೂಲೆಮೇಜಿನಲ್ಲೇ ಕೊಳೆತಿದ್ದ ಬೀಗದಣ್ಣನಿಗೆ ಆ ನಡುಮೇಜಿನ ಮೇಲೇ ಜೀವ.

ಹೇಳುವುದೇನೂ ಕಷ್ಟವಲ್ಲ. ಗೊಂಬೆಯನ್ನು ತಲೆಕೆಳಗು ಮಾಡಿದರೆ ಕಾಲಡಿಯ ತಟ್ಟೆಯಲ್ಲಿ ಗುರುತು ಇರುತ್ತದೆ. ಒಂದು ಕಾರ್ಖಾನೆಯದು ಗಂಟೆ, ಇನ್ನೊಂದರದು ಮೀನು, ಮತ್ತೊಂದರದು ಏಣಿ. ಆದರೆ ಬೀಗದಣ್ಣನ ಸೈನಿಕರ ತಳ ಬೋಳುತಲೆಯ ಹಾಗೆ ನುಣ್ಣಗಿತ್ತು. ನುಣ್ಣಗೆ ಮಾಡಿದವನೂ ಅವನೇ. ಮದುವೆಯ ಹೊಸದರಲ್ಲಿ ಹೆಂಡತಿ, "ಈ ಒಂದು ಪೆಟ್ಟಿಗೆ ಸಾಕು, ಇನ್ನು ಒಂದೂ ಬರಕೂಡದು" ಅಂದಿದ್ದಳು. ಆ ಪೆಟ್ಟಿಗೆಯದು ಗಂಟೆ ಗುರುತು. ಆಮೇಲೆ ಕದ್ದುಮುಚ್ಚಿ ತಂದ ಮೀನು, ಏಣಿಗಳು ಬೇರೆಯಾಗಿ ಕಾಣಬಾರದೆಂದು, ಕೀಲಿಕೈ ಉಜ್ಜುವ ಅರದಿಂದ ಎಲ್ಲರ ತಳವನ್ನೂ ಉಜ್ಜಿ, ಎಲ್ಲರಿಗೂ ಒಂದೇ ಹಸಿರು ಅಂಗಿ ಬಳಿದು, "ಎಲ್ಲಾ ಹಳೇವೇ ಕಣೇ" ಎಂದು ಸಾಲಿನಲ್ಲಿ ನಿಲ್ಲಿಸಿದ್ದ. ತಾನು ತೋಡಿದ ಹಳ್ಳಕ್ಕೆ ಈಗ ತಾನೇ ಬಿದ್ದಿದ್ದ.

"ಕುದುರೆ ಬಾಲ ಗಂಟು ಹಾಕಿದ್ರೆ ಏಣಿ," ಎಂದು ಗೊಣಗಿಕೊಂಡ. "ಮೂಗು ದಪ್ಪ ಇದ್ರೆ ಮೀನು. ಆದ್ರೆ ಇವನ ಮೂಗೂ ದಪ್ಪ, ಕುದುರೆ ಬಾಲಾನೂ ಗಂಟು."

"ಅವನು ಏಣಿ," ಅಂದಳು ಹೆಂಡತಿ, ಕಿಟಕಿಯ ಹತ್ತಿರದ ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಅರ್ಧ ಬೀದಿಯ ಬಟ್ಟೆ ಹೊಲಿಯುವವಳು ಅವಳು. "ಮೂಗಿನ ಮೇಲೆ ನೀವು ಬಣ್ಣದ ಮೇಲೆ ಬಣ್ಣ ಬಳಿದಿದ್ದೀರಿ, ಅದಕ್ಕೇ ದಪ್ಪ."

ಬೀಗದಣ್ಣ ಅವಳ ಕಡೆ ತಿರುಗಿದ. "ನಿನಗೆ ಹೇಗೆ ಗೊತ್ತು?"

"ಅವನು ಛತ್ರಿಯೊಳಗೆ ಕೂತು ಬಂದ. ಸುಡುಬಿಸಿಲಲ್ಲಿ ಗಂಡ ಮಡಚಿದ ಛತ್ರಿ ಎದೆಗಪ್ಪಿಕೊಂಡು ಬಂದ್ರೆ ಯಾವ ಹೆಂಡತಿ ಬಿಚ್ಚಿ ನೋಡಲ್ಲ ಹೇಳಿ. ನೀವು ಅರ ಹಾಕೋದು ಯಾವಾಗ್ಲೂ ಸ್ನಾನ ಆದ್ಮೇಲೆ ತಾನೆ? ನೀವು ನೀರು ಹುಯ್ಕೊಳ್ಳೋವಾಗ ನಾನು ಎಲ್ಲರ ತಳಾನೂ ನೋಡಿಟ್ಟಿದ್ದೀನಿ."

ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ನಡುಮೇಜು ಕೈಗೆ ಬಂದ ಹಿಗ್ಗು ಇನ್ನೊಂದು ಕಡೆ. ಅಳಬೇಕೋ ನಗಬೇಕೋ ತಿಳಿಯದೆ ಅವನು ಕೆಮ್ಮಿದ.

"ಹಾಗಾದ್ರೆ ಎಲ್ಲಾ ಹೇಳ್ಬಿಡೇ, ಪುಣ್ಯ ಬರುತ್ತೆ."

"ಪುಣ್ಯ ಯಾರಿಗೆ ಬೇಕು. ಯಾವ ಸೈನಿಕ ಬಂದಾಗ ಯಾವ ಸುಳ್ಳು ಹೇಳಿದ್ರಿ ಅಂತ ನೀವು ಹೇಳಿ, ಗುರುತು ನಾನು ಹೇಳ್ತೀನಿ."

ಸುಳ್ಳು ಹೇಳುವವನಿಗೆ ನೆನಪು ಗಟ್ಟಿ ಇರಬೇಕು, ಬೀಗದಣ್ಣನದು ಜರಡಿ. ಒಬ್ಬ ಬಿಲ್ಲುಗಾರನನ್ನು ಎತ್ತಿ ಹಿಡಿದು, "ಇವನು ಬಂದ ದಿನ... ಹಲ್ಲುನೋವಾ?" ಅಂದ.

"ಹಲ್ಲುನೋವು ಆ ಗದೆಯವನದು. ಕೆನ್ನೆಯೊಳಗೇ ಇಟ್ಕೊಂಡು ಬಂದಿದ್ರಿ. ಪಾಪ ಅಂತ ಲವಂಗ ಕೊಟ್ಟೆ, ಅದನ್ನೂ ಅವನ ಪಕ್ಕಕ್ಕೇ ತುರುಕಿಕೊಂಡ್ರಿ. ಈ ಬಿಲ್ಲಿನವನು ನಿಮ್ಮ ಸೋದರಮಾವ ಕಾಲು ಮುರ್ಕೊಂಡ ದಿನದವನು. ಮಾರನೇ ದಿನ ಮಾವ ಸೈಕಲ್ ತುಳ್ಕೊಂಡು ನಮ್ಮನೆಗೇ ಬಂದ್ರಲ್ಲ. ಮೀನು. ಬರ್ಕೊಳ್ಳಿ."

ಹೀಗೆ ಒಬ್ಬೊಬ್ಬರ ಮುಂದೆಯೂ ಚೀಟಿ ನಿಲ್ಲುತ್ತ ಬಂತು. ಉಳಿದವನು ಒಬ್ಬನೇ, ಕತ್ತಿ ಎತ್ತಿ ನಿಂತ ಕಿರೀಟದ ಸವಾರ, ಇಡೀ ಸೈನ್ಯದ ರಾಜ. ಅವನ ವಿಷಯ ಕೇಳುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಕಾರ್ಯದರ್ಶಿಗಳು ಭೂತಗನ್ನಡಿ ಹಿಡಿದು ಬಾಲ, ಮೂಗು, ತಟ್ಟೆಯ ದಪ್ಪ ಎಲ್ಲ ನೋಡಿ, "ಸರಿ, ಸರಿ" ಎನ್ನುತ್ತ ಬಂದು ರಾಜನ ಮುಂದೆ ನಿಂತರು. "ಬಂದರಿನಲ್ಲಿ ಮುದುಕ ನಾವಿಕನ ಹತ್ತಿರ ದಿನವಿಡೀ ಚೌಕಾಸಿ ಮಾಡಿ ತಂದೆ ಅಂತಿದ್ರಲ್ಲ, ಇವನೇ ಅಲ್ವಾ? ಯಾವ ಗುರುತು?"

ಬೀಗದಣ್ಣ ಹೆಂಡತಿಯ ಮುಖ ನೋಡಿದ. ಆ ಬಂದರು, ಆ ಮುದುಕ, ಸಂಘದಲ್ಲಿ ಹೇಳಿ ಹೇಳಿ ಅವನಿಗೇ ನಿಜವಾಗಿಬಿಟ್ಟಿದ್ದವು.

"ಅವನನ್ನ ಇವರು ತಂದಿಲ್ಲ ಸಾರ್, ನಾನು ತಂದದ್ದು," ಅಂದಳು ಅವಳು. "ಇವರ ಅರದಿಂದಲೇ ತಳ ಉಜ್ಜಿ, ಇವರ ಹಸಿರೇ ಬಳಿದು ಸಾಲಲ್ಲಿ ನಿಲ್ಲಿಸಿದೆ. ಒಬ್ಬ ಹೆಚ್ಚಾದ್ರೆ ಗೊತ್ತಾಗುತ್ತಾ ನೋಡೋಣ ಅಂತ. ಆಮೇಲೆ ನಿಮ್ಮ ಮನೆಯವರು ಬಟ್ಟೆ ಹೊಲಿಸೋಕೆ ಬಂದು ಬಂದರಿನ ಕತೆ ಹೇಳಿದ್ರು ನೋಡಿ, ಸೂಜಿ ಬೆರಳಿಗೇ ಚುಚ್ಚಿಕೊಂಡೆ."

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದ್ದು ನಗು ನುಂಗಲು. ಬೀಗದಣ್ಣ ಮಾತ್ರ ನಡುಮೇಜು ಕೈತಪ್ಪಿತೆಂದು ಬೆವೆತ.

"ಒಡೆಯ ಹೇಳಬೇಕು ಅಂತ ನಿಯಮ ಅಮ್ಮಾ. ಇವನಿಗೆ ಒಡತಿ ನೀವು. ನೀವೇ ಹೇಳಿ."

"ಕಿವಿಯಲ್ಲಿ ಹೇಳ್ತೀನಿ. ಆದ್ರೆ ನನ್ನ ರಾಜ ಇವರ ಕೈಕೆಳಗೆ ಯುದ್ಧ ಮಾಡಲ್ಲ."

ಅವಳು ಪಿಸುಗುಟ್ಟಿದಳು. ಬೀಗದಣ್ಣ ಕೊಕ್ಕರೆಯ ಹಾಗೆ ಕತ್ತು ಚಾಚಿದರೂ ಕೇಳಿಸಿದ್ದು ಕಾರ್ಯದರ್ಶಿಗಳ "ಓಹೋ" ಮಾತ್ರ.

"ನಡುಮೇಜು ನಿಮಗೇ ಸ್ವಾಮಿ," ಅಂದರು ಅವರು ಎದ್ದು ನಿಂತು. "ಸೈನ್ಯ ಅರ್ಧರ್ಧ. ಒಂದು ಕಡೆ ನೀವು, ಎದುರಿಗೆ ಇವರು."

ಅವರು ಮೆಟ್ಟಿಲಿಳಿದ ಮೇಲೆ ಬೀಗದಣ್ಣ ಮೆಲ್ಲಗೆ ಕೇಳಿದ, "ನಿನಗೆ ಆಟ ಬರುತ್ತೇನೇ?"

"ನೀವು ಅಂಗಡಿಗೆ ಹೋದ್ಮೇಲೆ ಇಷ್ಟು ವರ್ಷ ಈ ಮೇಜಿನ ಮೇಲೆ ನಾನು ಬರೀ ತರಕಾರಿ ಹೆಚ್ಚುತ್ತಿದ್ದೆ ಅನ್ಕೊಂಡ್ರಾ?" ಅನ್ನುತ್ತ ಅವಳು ಕುದುರೆ ಸವಾರರನ್ನು ಒಬ್ಬೊಬ್ಬರಾಗಿ ತನ್ನ ಕಡೆಗೆ ಎಳೆದುಕೊಳ್ಳತೊಡಗಿದಳು.

"ಒಂದು ಕುದುರೆಯಾದ್ರೂ ಬಿಡೇ," ಅಂದ ಅವನು.