ಬೇಲಿಯಾಚೆ ಬಿಟ್ಟ ಬಟ್ಟೆ

“ನಾನು ದೊಡ್ಡೋಳಾದ್ಮೇಲೆ ಊರಗಲ ಜಾಗ ತಗೋತೀನಿ. ಅದರಲ್ಲಿ ಅರ್ಧ ನಿಂಗೆ” ಎಂದು ತಂಗಿ ಮಾತು ಕೊಟ್ಟಾಗ ಅವಳ ಮುಂದಿನ ಹಲ್ಲು ಬಿದ್ದು ಹೊಸದಿನ್ನೂ ಬಂದಿರಲಿಲ್ಲ. ಇಬ್ಬರಿಗೂ ಸೇರಿ ಒಂದೇ ಮಂಚ, ನಡುವೆ ಸುತ್ತಿಟ್ಟ ಹೊದಿಕೆಯೇ ಗಡಿ. ನಿದ್ದೆಯಲ್ಲಿ ತಂಗಿಯ ಕಾಲು ಗಡಿ ದಾಟಿತೆಂದು ಅಕ್ಕ ಚಿವುಟಿದ್ದಳು. ಅಳು ನಿಂತ ಮೇಲೆ ಬಂದ ಮಾತು ಅದು. “ಮೊದಲು ಮೂಗು ಒರೆಸ್ಕೋ. ಆಮೇಲೆ ಜಮೀನ್ದಾರ್ತಿ ಆಗುವಂತೆ” ಎಂದು ಅಕ್ಕ ನಕ್ಕಿದ್ದಳು.

ಆ ತಂಗಿ ಈಗ ನಿಜಕ್ಕೂ ಜಾಗ ತಗೊಂಡಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ಕೈಮುಗಿದು, ಗಂಡನನ್ನೂ ಹೊರಡಿಸಿಕೊಂಡು, ರಸ್ತೆಯಿಲ್ಲದ, ಕರೆಂಟಿಲ್ಲದ ಗುಡ್ಡದ ಇಳಿಜಾರಿಗೆ ಹೋಗಿ ಕೂತಿದ್ದಳು. ಯಾರಿಗೂ ಬೇಡವಾದ ನೆಲ, ಆದ್ದರಿಂದಲೇ ಅಗ್ಗ.

“ಉಪ್ಪು, ಬೆಂಕಿಪೊಟ್ಟಣ ಬಿಟ್ರೆ ಅಂಗಡಿಯಿಂದ ಏನೂ ತರಲ್ಲ ಅಕ್ಕ. ಬಂಡೆಯಿಂದ ಹಳ್ಳದವರೆಗೆ ನಮ್ದೇ!” ಫೋನಿನಲ್ಲೇ ಕುಣಿದಳು.

“ಒಳ್ಳೇದಾಯ್ತು ಕಣೇ” ಎಂದಳು ಅಕ್ಕ. ಹೇಳಿ ಫೋನಿಟ್ಟವಳು ಗಿರಾಕಿಯ ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದಳು.

ಅಕ್ಕನದು ದರ್ಜಿ ಕೆಲಸ. ಕೆಳಗೆ ಹೊಲಿಗೆ ಯಂತ್ರ. ಮೇಲಿನ ಕೋಣೆಯಲ್ಲಿ ಗಂಡ, ಎರಡು ಮಕ್ಕಳು, ಒಂದು ಕಿಟಕಿ. ಕಿಟಕಿ ತೆರೆದರೆ ಎದುರುಮನೆಯ ಬಚ್ಚಲ ಪೈಪು. ಅಂದಿನಿಂದ ಹೊಟ್ಟೆಯೊಳಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗಾಗಿತ್ತು. ಕತ್ತು ಬಗ್ಗಿಸಿ ದುಡಿದವಳಿಗೆ ಕತ್ತುನೋವು, ಹಾಸಿಗೆ ಮಡಚಿದವಳಿಗೆ ಗುಡ್ಡ!

“ಯಾಕೆ, ಸೂಜಿ ನುಂಗಿದೋಳ ಹಾಗಿದೀಯ?” ಎಂದು ಗಂಡ ಕೆಣಕಿದ.

“ನಂಗೇನು? ಅವಳ ಜಾಗ, ಅವಳ ಹಾವು.”

ಆದರೂ ನೋಡಲು ಹೋದಳು. ಅವಸರದಲ್ಲಿ ಕೊರಳಿನ ಅಳತೆ ಟೇಪು ತೆಗೆಯಲೂ ಮರೆತಿದ್ದಳು. ತಂಗಿ ಒಂದೊಂದನ್ನೇ ತೋರಿಸಿದಳು. ಮಳೆನೀರಿನ ತೊಟ್ಟಿ, ಕೋಳಿಗೂಡು, ತಗಡಿನ ಸೂರಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಬದನೆ ಸಾಲು. ತೊಟ್ಟಿ ಓರೆಯಾಗಿದೆ ಎಂದಳು ಅಕ್ಕ. ಕೋಳಿ ಬಡಕಲಾಗಿವೆ ಎಂದಳು. ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿದರೂ ಒಂದು ಹುಳುಕು ಸಿಗಲಿಲ್ಲ. ಎಲ್ಲಕ್ಕಿಂತ ಅದೇ ಹೆಚ್ಚು ಉರಿಸಿತು.

ಆಗ ಕಂಡಿತು ಬೇಲಿ. ಹಳ್ಳದವರೆಗೆ ನಮ್ಮದೇ ಎಂದವಳ ಬೇಲಿ ಹಳ್ಳಕ್ಕೆ ಎಷ್ಟೋ ಮೊದಲೇ ನಿಂತುಬಿಟ್ಟಿತ್ತು. ಆಚೆಗೆ ಸಮತಟ್ಟು, ಕಪ್ಪು ಮಣ್ಣು. ಅಲ್ಲೆಲ್ಲ ಕಲ್ಲಿಲ್ಲದ ತುಂಡು ಅದೊಂದೇ. ಮಾರಿದವನು ಟೋಪಿ ಹಾಕಿದ್ದಾನೆ, ಈ ಪೆದ್ದಿ ಹಾಕಿಸಿಕೊಂಡಿದ್ದಾಳೆ! ಹೊಟ್ಟೆಯ ಇಸ್ತ್ರಿಪೆಟ್ಟಿಗೆಗೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು. ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ತಾನೇ ತಿಳಿದುಕೊಳ್ಳಲಿ.

ತಂಗಿ ಒಲೆ ಹಚ್ಚಲು ಒಳಗೆ ಹೋದಾಗ ಹಳ್ಳದ ಕಡೆಯಿಂದ ಒಬ್ಬ ಮುದುಕ ಬಂದ. ಮೇಕೆ ಸಾಕುವವನು. ಆ ಗುಡ್ಡಕ್ಕೆಲ್ಲ ಇದ್ದೊಬ್ಬ ನೆರೆಯವನು.

“ಈ ಆಚೆ ತುಂಡು ನಿಮ್ದೇನಮ್ಮಾ? ಮರಿಗಳಿಗೊಂದು ದೊಡ್ಡಿ ಕಟ್ಟೋಣಾಂತಿದ್ದೆ.”

“ಬೇಲಿ ಇರೋವರೆಗೆ ನಮ್ದು ತಾತ. ಆಚೆದು ನಮ್ಮದಲ್ಲ.”

ನಾಲಿಗೆ ಹೊಸ ಕತ್ತರಿಯಂತೆ ನಯವಾಗಿ ಓಡಿತು.

ಮುಂದಿನ ಸಲ ಹೋದಾಗ ಆ ಕಪ್ಪು ಮಣ್ಣಿನ ಸುತ್ತ ಕಲ್ಲುಗೋಡೆ ಎದ್ದಿತ್ತು. ಒಳಗೆ ಮೇಕೆಮರಿಗಳು ನೆಗೆಯುತ್ತಿದ್ದವು. ತಂಗಿ ಬೇಲಿಯ ಗೂಟ ಹಿಡಿದು ನಿಂತಿದ್ದಳು.

“ಅತ್ತೆಗೆ ಹುಷಾರಿಲ್ಲ ಅಂತ ನಾವಿಬ್ರೂ ಊರಿಗೆ ಹೋಗಿದ್ವಿ. ಬರೋದ್ರೊಳಗೆ ಗೋಡೆ ಎದ್ದಿದೆ. ಕೇಳಿದ್ರೆ ತಾತ ‘ನಿಮ್ಮಕ್ಕಾನೇ ಹೇಳಿದ್ರಲ್ಲಮ್ಮಾ’ ಅಂತಾನೆ. ಹೌದಾ ಅಕ್ಕ?”

“ಬೇಲಿ ಇಲ್ಲಿತ್ತಲ್ಲ... ಗಡಿ ಇದೇ ಅಂದ್ಕೊಂಡೆ.”

“ಸರಿ ಅಳತೆಗೆ ಯಾವತ್ತೂ ಕತ್ತರಿಸಬೇಡ, ಹೊಲಿಗೆ ಆಚೆ ಒಂದಿಷ್ಟು ಬಟ್ಟೆ ಬಿಡು, ಮೈ ಬಂದಾಗ ಬಿಚ್ಕೋಬಹುದು ಅಂತ ನಂಗೆ ಕಲಿಸಿದ್ದು ಯಾರು? ಇದೂ ಹಾಗೇ ಬಿಟ್ಟಿದ್ದು. ನಿಂಗೆ. ನಮ್ಮ ಬೇಲಿ ಒಳಗೇ ಕೊಟ್ಟಿದ್ರೆ ‘ತಂಗಿ ಹಂಗಿನಲ್ಲಿ ಇರ್ಬೇಕಾ’ ಅಂತ ನೀನು ಮೂತಿ ತಿರುಗಿಸ್ತಿದ್ದೆ. ನಿನ್ನ ಬೇಲಿ ನೀನೇ ಹಾಕ್ಕೊಂಡ್ರಾಯ್ತು ಅಂತ ನಾನು ಸುಮ್ನಿದ್ದೆ.”

ಹೊಲಿಗೆಯಾಚೆ ಬಿಟ್ಟ ಬಟ್ಟೆಯಿಂದಲೇ ಹೆಸರು ಮಾಡಿದ್ದ ಅಕ್ಕನಿಗೆ ತಲೆ ಎತ್ತಲಾಗಲಿಲ್ಲ.

“ಗೋಡೆ ಕೆಡವಿಸು. ಪತ್ರ ಇದೆಯಲ್ಲ.”

“ಕೆಡವಿಸ್ಬಹುದು. ಆಮೇಲೆ? ಇಲ್ಲಿ ಏನಾದ್ರೂ ಕಚ್ಚಿ ಕೂಗ್ಕೊಂಡ್ರೆ ಕೇಳೋದು ಅವನೊಬ್ಬನಿಗೇ. ನಮ್ಮ ಕಾಲ್ಮೇಲೆ ನಾವು ನಿಲ್ತೀವಿ ಅಂತ ಜಂಬದಿಂದ ಬಂದ್ವಿ. ಮೊದಲ ಮಳೇಲಿ ಸೂರು ಹಾರಿಹೋದಾಗ ಹಗ್ಗ ಹಿಡ್ಕೊಂಡು ಬಂದೋನು ಅವನೇ.”

ತಂಗಿ ಹಾರೆ ತಗೊಂಡು ಬದನೆ ಸಾಲಿನ ಕಡೆ ನಡೆದಳು. “ಬಾ, ಈ ಸಲಾನೂ ಕೊರಳಲ್ಲೇ ಇದೆಯಲ್ಲ, ಆ ಟೇಪು ಹಿಡಿ. ಬೇಲಿ ಒಳಗಿರೋದ್ರಲ್ಲೇ ನಡುಮಧ್ಯ ಎಲ್ಲಿ ಬರತ್ತೆ ನೋಡು.”

ಅಕ್ಕ ಬಗ್ಗಿ, ಎದ್ದು, ಮತ್ತೆ ಬಗ್ಗಿ ಅಳೆದಳು. “ಆನೆಗೆ ಅಂಗಿ ಹೊಲಿಯೋಕೆ ಬಂದಂಗಿದೀಯ” ಎಂದು ತಂಗಿ ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ನಾಲ್ಕು ಬೈದಿದ್ದರೆ ತಿರುಗಿ ನಾಲ್ಕು ಬೈದು ಹಗುರಾಗಬಹುದಿತ್ತು. ಬೈಯದೆ ಕೊಡುವುದು ಇವಳಿಗೆ ಎಲ್ಲಿಂದ ಬಂತು? ಒಂದೇ ಮಂಚ, ಒಂದೇ ಹೊದಿಕೆ. ಆ ಗುಣವೊಂದು ಮಾತ್ರ ಇವಳ ಕಡೆಗೇ ಹೇಗೆ ಉರುಳಿತು? ಇಷ್ಟು ದಿನ ಉರಿದದ್ದು ನೆಲಕ್ಕೆ. ಈಗ ಇದಕ್ಕೆ ಉರಿಯತೊಡಗಿತು, ನೆಲಕ್ಕಿಂತ ಜೋರಾಗಿ.

ಗೂಟ ನೆಟ್ಟಾಯಿತು. ಬದನೆ ಸಾಲು ಅಕ್ಕನ ಪಾಲಿಗೆ ಬಂತು. ತಂಗಿ ಕೊಟ್ಟ ಮಾತು ಉಳಿಸಿಕೊಂಡಳು.