ಕಿರಾಣಾಸ್ತ್ರಕ್ಕೆ ಎರಡನೇ ಓದುಗ

ಬರುವ ಭಾನುವಾರದೊಳಗೆ ಸಾಕ್ಷಿ ಸಿಗದಿದ್ದರೆ ಸಮತಾಳ ಅಸ್ತ್ರ ಆಟದಿಂದ ಹೊರಗೆ.

ಆಟ ಪ್ರತಿ ಭಾನುವಾರ ಫೋನಿನಲ್ಲೇ ನಡೆಯುತ್ತಿತ್ತು. ಐದು ಊರುಗಳ ಐದು ಜನ ದಾಳ ಉರುಳಿಸಿ, ಬಾಯಿಮಾತಿನಲ್ಲೇ ಗಗನನೌಕೆ ಹಾರಿಸಿ, ಬಾಯಿಮಾತಿನಲ್ಲೇ ಹೊಡೆದಾಡುತ್ತಿದ್ದರು. ಹಡಗಲಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವ ಸಮತಾ ಅಲ್ಲಿ 'ಕ್ಯಾಪ್ಟನ್'. ವಾರದ ಉಳಿದ ದಿನ ಅವಳನ್ನು ಮಾತಾಡಿಸುವವರು 'ಮೇಡಮ್, ಸರ್ವರ್ ಬಂತೇನ್ರಿ?' ಎನ್ನುವವರು ಮಾತ್ರ.

ಆಟ ನಡೆಸುವ ಮೈಸೂರಿನ ಅರುಣಕುಮಾರ್ ಆಯುಧಗಳ ವಂಶಾವಳಿ ಕಟ್ಟುತ್ತಿದ್ದ. ಉಷ್ಣಕಿರಣ ಯಾವ ಕಾದಂಬರಿಯಲ್ಲಿ ಹುಟ್ಟಿತು, ಬೆಳಕಿನ ಚಾಟಿ ಯಾವ ಅಗ್ಗದ ಪತ್ರಿಕೆಯಲ್ಲಿ ಬೆಳೆಯಿತು, ಎಲ್ಲ ಬಾಯಿಪಾಠ. ಆಟಗಾರನೊಬ್ಬ ಇಲ್ಲದ ಕಾದಂಬರಿ ಹುಟ್ಟಿಸಿ ತನ್ನ ಫಿರಂಗಿಗೆ ಅಪ್ಪನನ್ನು ಒದಗಿಸಿದ ಮೇಲೆ ನಿಯಮ ಬಿಗಿಯಾಯಿತು: ಆಯುಧಕ್ಕೊಂದು ಪುಸ್ತಕ; ಪುಸ್ತಕ ಸಿಗದಿದ್ದರೆ ಅದನ್ನು ಓದಿದ ಇಬ್ಬರು.

ಸಮತಾ ತನ್ನ ಆಯುಧದ ಪುಸ್ತಕವನ್ನು ಓದಿದ್ದು ಹೈಸ್ಕೂಲಿನಲ್ಲಿ, ಕೂಡ್ಲಿಗಿಯ ಗ್ರಂಥಾಲಯದಲ್ಲಿ. ರಟ್ಟು ಕಿತ್ತುಹೋಗಿತ್ತು, ಶೀರ್ಷಿಕೆಯೂ ಲೇಖಕನೂ ಅದರ ಜೊತೆಗೇ ಹೋಗಿದ್ದರು. ಅದರಲ್ಲಿಯ ಕಿರಣಾಸ್ತ್ರ ತಾಗಿದವನು ಸಾಯುತ್ತಿರಲಿಲ್ಲ. ಅವನ ಗುರುತು ಯಾರಿಗೂ ಹತ್ತುತ್ತಿರಲಿಲ್ಲ, ಅಷ್ಟೇ. ಆದರೆ ಅಚ್ಚಿನಮೊಳೆ ಜೋಡಿಸಿದವನು ಮೊದಲಿಂದ ಕೊನೆಯವರೆಗೆ ನಿಷ್ಠೆಯಿಂದ 'ಕಿರಾಣಾಸ್ತ್ರ' ಎಂದೇ ಜೋಡಿಸಿದ್ದ.

"ಕಿರಾಣಿ ಅಂಗಡಿ ಅಸ್ತ್ರಾನಾ? ಶತ್ರು ಮೇಲೆ ತೊಗರಿಬೇಳೆ ಎಸೀತೀರಾ, ಕ್ಯಾಪ್ಟನ್?" ಎಂದು ಅರುಣಕುಮಾರ್ ನಕ್ಕಿದ್ದ. "ಇನ್ನೊಬ್ಬ ಓದುಗನನ್ನ ಕರ್ಕೊಂಡು ಬನ್ನಿ."

ಪುಸ್ತಕ ಎಂದೋ ರದ್ದಿಗೆ ಹೋಗಿತ್ತು. ಅಂಥ ಕಾದಂಬರಿಗಳನ್ನೆಲ್ಲ ಬಿಡದೆ ಓದಲು ಒಯ್ಯುತ್ತಿದ್ದವರು ನೂರ್ ಅಹಮದ್, ಈಗ ಕೊಟ್ಟೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ ಎಂದರು ಗ್ರಂಥಾಲಯದವರು. ಶನಿವಾರ ಅವಳು ಬಸ್ಸು ಹತ್ತಿದಳು.

"ಬರ್ರಿ, ಸೆಲ್ ಹಾಕಬೇಕೇನ್ರಿ?"

"ಇಲ್ರಿ. ಒಂದು ಕಾದಂಬರಿ ಬಗ್ಗೆ ಕೇಳಾಕ ಬಂದೀನಿ."

ನೂರ್ ಅಹಮದ್ ಕಣ್ಣಿನ ಭೂತಗನ್ನಡಿ ತೆಗೆದರು. ಸ್ಟೂಲಿನ ಮೇಲಿದ್ದ ಗೋಡೆ ಗಡಿಯಾರವನ್ನು ನೆಲಕ್ಕಿಳಿಸಿ ಸ್ಟೂಲು ಒರೆಸಿದರು. ಅಷ್ಟು ಧೂಳು ಕೂತಿದ್ದ ಸ್ಟೂಲಿನ ಮೇಲೆ ಜನ ಕೂತು ಬಹಳ ಕಾಲವಾಗಿರಬೇಕು. ಅವಳು ಕಥೆ ಹೇಳಿದಳು. ಅಸ್ತ್ರದ ಹೆಸರನ್ನು ಮಾತ್ರ ಬೇಕೆಂದೇ ನುಂಗಿದಳು.

"ಓದೀನ್ರೀ! ಓದ್ಲಾರದ ಬಿಡ್ತೀನೇನು? ಗುರುತು ಅಳಸ್ತೈತಿ ಅದು. ಭಾಳ ಕೆಟ್ಟ ಅಸ್ತ್ರ!"

"ಅದರ ಹೆಸರೇನ್ರಿ?"

"ಹೆಸರು… ಗುರುತಾಸ್ತ್ರ. ಅಲ್ರೀ?" ಎಂದು ಅವಳ ಮುಖ ನೋಡಿದರು.

"ಪುಟಪುಟದಾಗೂ ಅಚ್ಚಿನ ತಪ್ಪೊಂದಿತ್ತಲ್ರಿ, ನಗು ಬರೂವಂಥದ್ದು?"

"ತಪ್ಪಾ? ಛೇ, ಆಗಿನ ಅಚ್ಚು ಮುತ್ತಿನಂಗ ಇರ್ತಿತ್ರಿ."

ಅವರು ಓದಿರಲಿಲ್ಲ. ಅವಳು ಹೇಳಿದ್ದಕ್ಕೇ, ಹಳೇ ವಾಚಿಗೆ ಹಾಕುವಂತೆ, ಹೊಸ ಬೆಲ್ಟು ಹಾಕಿ ಅವಳಿಗೇ ಕೊಡುತ್ತಿದ್ದರು.

ಫೋನಿನಲ್ಲಿ ಒಂದು 'ಹೌದು' ಹೇಳಿಸಿದರೆ ಸಾಕಿತ್ತು. ಪರೀಕ್ಷೆ ಮಾಡಲು ಅರುಣಕುಮಾರ್ ಕೊಟ್ಟೂರಿಗೆ ಬರುತ್ತಿರಲಿಲ್ಲ. ಫೋನು ತೆಗೆದಳು. ಸುಳ್ಳು ಓದುಗನನ್ನು ಒಪ್ಪಿಕೊಂಡರೆ, ನಿಜವಾದವನನ್ನು ಹುಡುಕುವ ಕೆಲಸ ಅಲ್ಲಿಗೇ ಮುಗಿದುಹೋಗುತ್ತಿತ್ತು. 'ಸಿಗಲಿಲ್ಲ, ತೆಗೆದುಬಿಡಿ' ಎಂದು ಅರುಣಕುಮಾರನಿಗೆ ಬರೆದು ಎದ್ದಳು.

"ಹೊಂಟ್ರೇನ್ರಿ? ಕಡೀಗೇನಾತು ಅಂತ ಹೇಳೇ ಇಲ್ಲ ನಾನು," ಎಂದರು ನೂರ್ ಅಹಮದ್ ಗಡಿಬಿಡಿಯಿಂದ. "ಕಡೀಗೆ ಅವನ ಹೇಂತಿ ಗುರುತು ಹಿಡೀತಾಳ್ರಿ."

ಪುಸ್ತಕದಲ್ಲಿ ಅಸ್ತ್ರ ತಾಗಿದವನ ಗುರುತನ್ನು ಕೊನೆಯವರೆಗೂ ಯಾರೂ ಹಿಡಿದಿರಲಿಲ್ಲ.

ಸಮತಾ ಕೂತಳು. "ಹೆಂಗ ಹಿಡೀತಾಳ್ರಿ?"

ಅವರು ಸ್ವಲ್ಪ ಯೋಚಿಸಿದರು.

"ಕೆಮ್ಮಿನಿಂದ," ಎಂದರು.