ಹಿಡ್ಕೊ ಅಂದದ್ದು ಯಾರು

ಹೊಸೂರು ಹತ್ತಿರದ ಬೇರಿಕೆ ಕಡೆ ಕುಡಿತ ಬಿಡಿಸೋಕೆ ಒಂದು ದಾರಿ ಉಂಟು. ಅಮ್ಮನ ಗುಡಿಯಲ್ಲಿ ಪೂಜಾರಿ ಕೈಯಿಂದ ಅರಿಶಿನದ ದಾರ ಕಟ್ಟಿಸಿಕೊಳ್ಳೋದು. ದಾರ ಕಟ್ಟಿಕೊಂಡವನು ತೊಟ್ಟು ಮುಟ್ಟಿದರೆ ಅಮ್ಮ ರಕ್ತ ಕಕ್ಕಿಸ್ತಾಳೆ ಅಂತ ಎಲ್ಲರ ನಂಬಿಕೆ. ರಾಧಾಮಣಿ ಗಂಡನನ್ನ ಅಲ್ಲಿಗೇ ಎಳಕೊಂಡು ಹೋದಳು. ಇನ್ನೇನು ಮಾಡ್ತಾಳೆ ಪಾಪ? ತಿಮ್ಮರಾಜು ಹಲ್ಲುಜ್ಜೋಕೆ ಮುಂಚೆ ಕ್ವಾರ್ಟರ್ ಎತ್ತೋನು. ಅದು ಒಳಗೆ ಹೋಗೋ ತನಕ ಕೈ ನಡುಕ ನಿಲ್ತಿರಲಿಲ್ಲ. ಫ್ಯಾಕ್ಟರಿಯವರು ಗೇಟಿನಲ್ಲೇ ಬಾಯಿ ಊದಿಸಿ ವಾಪಸ್ ಕಳಿಸಿಬಿಟ್ಟಿದ್ದರು.

ಹಠಮಾರಿ ಅಂದರೆ ಹಠಮಾರಿ ಅವನು. ದಾರ ಕಟ್ಟಿದ ಮೇಲೆ ಬಾಟಲಿ ಕಡೆ ತಿರುಗಿ ನೋಡಲಿಲ್ಲ. ಮಾರನೇ ದಿನ ಬೆವರು, ವಾಂತಿ, ಕಣ್ಣಿಗೆ ನಿದ್ದೆಯಿಲ್ಲ.

"ವಿಷ ಇಳೀತಾ ಐತೆ, ಇಳೀಲಿ ಬುಡು," ಅಂದಳು ಅತ್ತೆ ವರಲಕ್ಷ್ಮಮ್ಮ.

ರಾಧಾಮಣಿಗೂ ಒಳಗೊಳಗೇ ಖುಷಿ. ಹಳೇ ಗಂಡ ವಾಪಸ್ ಬರ್ತಾನೆ ಅಂತ ಅವನಿಗಿಷ್ಟವಾದ ಅವರೆಕಾಳು ಸಾರು ಮಾಡಿದಳು.

ಮೂರನೇ ದಿನ ತಿಮ್ಮರಾಜು ಗೋಡೆ ಮೇಲೆ ಇಲ್ಲದ ಇರುವೆಗಳನ್ನ ಒರೆಸೋಕೆ ಶುರು ಮಾಡಿದ. ಮೈ ಗಡಗಡ ನಡುಗಿತು, ಕಣ್ಣು ಕೆಂಪಾಯಿತು, ಕಾಣದವರ ಜೊತೆ ಮಾತಾಡಿದ. ವರಲಕ್ಷ್ಮಮ್ಮ ಕೈಮುಗಿದು ನಿಂತುಬಿಟ್ಟಳು.

"ಅಮ್ಮ ಮೈಮೇಲೆ ಬಂದವ್ಳೆ ಕಣೇ."

ಬೀದಿ ಹೆಂಗಸರೆಲ್ಲ ನೆರೆದರು. ತಲೆ ಮೇಲೆ ಅರಿಶಿನದ ನೀರು ಸುರಿದು ಕೈಗೆ ಬೇವಿನ ಸೊಪ್ಪು ಕೊಟ್ಟರು. ಒಬ್ಬಳಂತೂ ಮಗಳ ಮದುವೆ ಯಾವಾಗ ಅಂತಲೇ ಕೇಳಿದಳು, ಅವಳ ಅವಸರ ಅವಳಿಗೆ.

"ರಾಧಾ, ಹಿಡ್ಕೊಳೇ," ಅಂದ ತಿಮ್ಮರಾಜು.

"ಪಾದ ಹಿಡ್ಕೊ ಅಂತಾವ್ಳೆ ತಾಯಿ, ಬೀಳೇ," ಅಂದಳು ಅತ್ತೆ.

ಅಮ್ಮ ಹೆಸರು ಹಿಡಿದು ಕರೆದಳಲ್ಲ ಅಂತ ರಾಧಾಮಣಿಗೆ ಮೈ ಜುಮ್ಮೆಂದಿತು. ಉದ್ದಕ್ಕೆ ಬಿದ್ದಳು. ಇವರು ಇನ್ ಯಾವತ್ತೂ ಕುಡೀಬಾರ್ದು ತಾಯೀ ಅಂತ ಬೇಡಿಕೊಂಡಳು. ಅವನು ಮತ್ತೆ ಕರೆದ. ಅವಳು ಮತ್ತೆ ಬಿದ್ದಳು. ಆಮೇಲೆ ಅವನಿಗೆ ಹಲ್ಲು ಕಚ್ಚಿತು, ಬಾಯಲ್ಲಿ ನೊರೆ ಬಂತು. ಬಿದ್ದ ರಭಸಕ್ಕೆ ತಲೆ ಹೊಸ್ತಿಲ ಕಲ್ಲಿಗೆ ಬಡಿಯಿತು.

ಹೊಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಮೊದಲು ತಮಿಳಲ್ಲಿ ಬೈದಳು, ಆಮೇಲೆ ರಾಧಾಮಣಿ ಮುಖ ನೋಡಿ ಮುರುಕು ಕನ್ನಡಕ್ಕೆ ಇಳಿದಳು. ವರ್ಷಗಟ್ಟಲೆ ಸಾರಾಯಿ ಮೆದುಳನ್ನ ಅದುಮಿ ಹಿಡಿದಿತ್ತಂತೆ, ಮೆದುಳೂ ಎದುರು ತಳ್ಳೋದು ಕಲಿತಿತ್ತಂತೆ. ಅದುಮೋ ಕೈ ತಟ್ಟನೆ ತೆಗೆದರೆ ತಳ್ಳೋದು ನಿಲ್ಲುತ್ತಾ? ಹಗ್ಗ ಜಗ್ಗುವಾಗ ಆ ಕಡೆಯವರು ಕೈಬಿಟ್ಟರೆ ಈ ಕಡೆಯವರು ಬೀಳಲ್ವೇ, ಹಾಗೆ.

"ಇಷ್ಟು ಕುಡಿಯೋರನ್ನ ಮನೇಲಿ ಒಂದೇ ಸಲ ನಿಲ್ಲಿಸಬಾರದಮ್ಮಾ. ಇಲ್ಲಿ ಮಾತ್ರೆ ಕೊಟ್ಟು ಇಳಿಸ್ತೀವಿ. ಇದು ಕೊಬ್ಬಲ್ಲ, ಕಾಯಿಲೆ. ಆಸೆ ಮತ್ತೆ ಬರುತ್ತೆ. ಜಾರಿದ್ರೂ ಬಿಡಬೇಡಿ, ಕರ್ಕೊಂಡು ಬನ್ನಿ."

ರಾಧಾಮಣಿ ತಲೆಯಾಡಿಸಿದಳು. ಕೈಯಾರೆ ಗಂಡನನ್ನ ಕೊಲ್ತಿದ್ದೆನಲ್ಲ ಅಂದುಕೊಂಡಳು.

ಪ್ರಜ್ಞೆ ಬಂದಾಗ ತಿಮ್ಮರಾಜುವಿನ ಬಲಗೈ ಆಡಲಿಲ್ಲ. ತಲೆಗೆ ಬಿದ್ದ ಏಟು ಅದನ್ನ ತಿಂದುಹಾಕಿತ್ತು. ದಾರ ಇದ್ದದ್ದೂ ಅದೇ ಕೈಯಲ್ಲಿ. ಅವನು ಹೆಂಡತಿ ಕಡೆ ತಿರುಗಿದ.

"ಬಿದ್ದೋಯ್ತೀನಿ, ಹಿಡ್ಕೊಳೇ ಅಂತ ಕರದ್ನಲ್ಲೇ ರಾಧಾ," ಅಂದ. "ನೀನ್ಯಾಕೆ ಕಾಲಿಗ್ ಬಿದ್ದೆ?"